ಗದ್ದೆಯ ಮಾತೇ ಪದವಾಗುತ್ತದೆ

(ಮದ್ದೂರಿನಲ್ಲಿ ಕಾರ್ಯಕರ್ತರ ಮುಂದೆ ಮಾಡಿದ ಭಾಷಣ)



ಜನಪದ ಗೀತೆಯ ವಿಚಾರವಾಗಿ ನಾಲ್ಕು ಮಾತು ಆಡಬೇಕೆಂದು ಮದ್ದೂರಿನ ಗೆಳೆಯರು ಅಪ್ಪಣೆ ಮಾಡಿದ್ದಾರೆ. ನಾನು ಪಂಡಿತನಲ್ಲ. ಕೆಲವು ವರ್ಷ ಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದು, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಮಂಡ್ಯ, ಮದ್ದೂರು, ಮಳವಳ್ಳಿಯ ಊರುಗಳನ್ನು ಸುತ್ತುವಾಗ ಕಿವಿಗೆ ಬಿದ್ದದ್ದನ್ನೂ, ಆ ಸುತ್ತಾಟದಲ್ಲಿ ನಾನೇ ಮಾಡಿದ ಒಂದು ತಪ್ಪನ್ನೂ ತಮ್ಮ ಮುಂದಿಡುತ್ತೇನೆ.

ಹಳ್ಳಿಯ ಪದ ಹುಟ್ಟುವುದೆಲ್ಲಿ? ನನ್ನ ಮಟ್ಟಿಗೆ ಉತ್ತರ ಸರಳ. ಜೊತೆಯಲ್ಲಿ ದುಡಿಯುವ ಇಬ್ಬರು ಗೆಳತಿಯರ ಮಾತಿನಲ್ಲಿ.

ನಮ್ಮ ಅಜ್ಜಿಯರ ಕಾಲದ ಬೀಸುವ ಕಲ್ಲನ್ನು ನೆನೆಯಿರಿ. ಇಬ್ಬರು ಎದುರುಬದುರು ಕೂತು ಒಂದೇ ಗೂಟ ಹಿಡಿದು ರಾಗಿ ಬೀಸುತ್ತಿದ್ದರು. ಮೊದಲು ತವರಿನ ಸುದ್ದಿ, ಅತ್ತೆಯ ಕಾಟ, ಮಗುವಿನ ಜ್ವರ. ಕಲ್ಲು ಒಂದು ಹದಕ್ಕೆ ತಿರುಗತೊಡಗಿದರೆ ಆ ಮಾತೇ ರಾಗ ಹಿಡಿಯುತ್ತಿತ್ತು. ಒಬ್ಬಳು ಎತ್ತಿದ ಸೊಲ್ಲಿಗೆ ಇನ್ನೊಬ್ಬಳು ಸೊಲ್ಲು ಕೂಡಿಸುತ್ತಿದ್ದಳು. ಮದುವೆ ಮನೆಯ ಸೋಬಾನೆಯಲ್ಲೂ ಹೀಗೆಯೇ. ಹೆಣ್ಣಿನ ಕಡೆಯವರು ಬೀಗರನ್ನು ಹಂಗಿಸಿದರೆ ಗಂಡಿನ ಕಡೆಯವರು ಸುಮ್ಮನೆ ಕೂರುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಕಥೆ ಹಾಡುವಾಗ ಹಿಮ್ಮೇಳದವರು ಮಾತಿಗೆ ಮಾತು ಕೊಡದಿದ್ದರೆ ಕಥೆ ಮುಂದೆ ಸಾಗದು. ಎಲ್ಲ ಕಡೆಯೂ ಹಾಡಿನ ಒಡಲಲ್ಲಿ ಇರುವುದು ಮಾತುಕತೆಯೇ.

ಕೆಲಸ ಬದಲಾದರೆ ಮಾತೂ ಬದಲಾಗುತ್ತದೆ. ಕನ್ನಂಬಾಡಿ ಕಟ್ಟೆಯ ಕೆಲಸ ಪ್ರಾರಂಭವಾದದ್ದು 1911ರಲ್ಲಿ. ನಾಲೆಯ ನೀರು ಬಂದಮೇಲೆ ರಾಗಿಯ ಹೊಲಗಳಲ್ಲಿ ಭತ್ತ, ಕಬ್ಬು ಎದ್ದವು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ರಾಗಿ ಹೊಲ ಕಳೆಯುತ್ತಿದ್ದ ಹೆಂಗಸರು ಕೆಸರು ಗದ್ದೆಯಲ್ಲಿ ಸಾಲಾಗಿ ಬಗ್ಗಿ ನಿಂತರು. ಪಕ್ಕದಲ್ಲಿ ಬಗ್ಗಿದವಳೇ ಗೆಳತಿ. ಅವಳೊಡನೆ ಆಡಿದ ಮಾತೇ ನಾಟಿಯ ಪದವಾಯಿತು.

ಈ ಪದಗಳು ಪುಸ್ತಕಕ್ಕೆ ಬಂದದ್ದೂ ಗೆಳೆತನದಿಂದಲೇ. ಬಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಎಂಬ ಸಂಗಾತಿಗಳಿದ್ದರು. ನಾಡು ಅವರನ್ನು ಹಲಸಂಗಿ ಗೆಳೆಯರು ಎಂದೇ ಕರೆಯಿತು. ಬೀಸುವ, ಕುಟ್ಟುವ ಹೆಂಗಸರ ಹಾಡನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕವನ್ನು ಹೊರತಂದವರು ಇವರು. ನಮ್ಮ ಜಿಲ್ಲೆಯವರೇ ಆದ ನಾಗಮಂಗಲ ತಾಲ್ಲೂಕು ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರದಲ್ಲಿದ್ದೂ ಹಳ್ಳಿಯ ಹಾಡುಗಾರರನ್ನು ಹುಡುಕಿಕೊಂಡು ಹೋದರು. 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿದರು. ರಾಮನಗರದ ಬಳಿಯ ಜಾನಪದ ಲೋಕವೂ ಅವರು ಕಟ್ಟಿದ್ದೇ. ಹಾಡುವವರ ಜೊತೆ ಕೂತು ಕೇಳುವ ತಾಳ್ಮೆ ಇವರೆಲ್ಲರಿಗೂ ಇತ್ತು. ನನಗೆ ಅದು ಇರಲಿಲ್ಲ ಎಂಬುದನ್ನೇ ಈಗ ಹೇಳಬೇಕಾಗಿದೆ.

ಕೂಲಿಯವರ ಸಭೆಗೆಂದು ನಾನೊಂದು ಹಾಡು ಕಟ್ಟಿದ್ದೆ. ಅದರಲ್ಲಿ ಶೋಷಣೆ, ಸಮತೆ, ಕ್ರಾಂತಿ ಎಲ್ಲವೂ ಇದ್ದವು. ಪ್ರಾಸವೂ ತಪ್ಪಿರಲಿಲ್ಲ. ಊರಿಂದೂರಿಗೆ ಹಾಡಿಸಿದೆ. ಜನ ಮರ್ಯಾದೆಗೆ ಕೇಳಿದರು, ಎದ್ದು ಹೋದರು. ಒಬ್ಬರ ಬಾಯಲ್ಲೂ ಅದು ಉಳಿಯಲಿಲ್ಲ.

ಮುಂದಿನ ನಾಟಿಯ ಕಾಲಕ್ಕೆ ಮಳವಳ್ಳಿ ಕಡೆಯ ಒಂದು ಗದ್ದೆಯ ಬದುವಿನ ಮೇಲೆ ಕೂತಿದ್ದೆ. ಒಬ್ಬ ಹೆಣ್ಣುಮಗಳು ಹಿಂದಿನ ದಿನ ಮಗುವಿಗೆ ಜ್ವರವೆಂದು ತಡವಾಗಿ ಬಂದಿದ್ದಳಂತೆ. ಗದ್ದೆಯ ಯಜಮಾನರು "ಹೊತ್ತಾಯ್ತು" ಎಂದು ಕೂಲಿಯಲ್ಲಿ ಹಿಡಿದುಕೊಂಡರು. ಸಂಜೆ ಮನೆಗೆ ಹೊರಟರೆ "ಇನ್ನೂ ಹೊತ್ತದೆ" ಎಂದು ನಿಲ್ಲಿಸಿಕೊಂಡರು. ಇದನ್ನು ಆಕೆ ಪಕ್ಕದ ಗೆಳತಿಗೆ ಹೇಳಿಕೊಂಡು ಕಣ್ಣೊರೆಸಿಕೊಂಡಳು. ಗೆಳತಿ ಪೈರು ನೆಡುತ್ತಲೇ ಅಂದಳು: "ಅಳಬ್ಯಾಡ ಕಣಮ್ಮಿ. ಬರುವಾಗ ಹೊತ್ತಾಯ್ತಂತೆ, ಹೋಗುವಾಗ ಹೊತ್ತದಂತೆ. ಈ ಹೊತ್ತು ಯಾರಪ್ಪನ ಸೊತ್ತಮ್ಮಿ?"

ಅತ್ತವಳೇ ಮೊದಲು ನಕ್ಕಳು. ಸಾಲಿಗೆ ಸಾಲೇ ನಕ್ಕಿತು. ಆ ಕೊನೆಯಲ್ಲಿದ್ದ ಮುದುಕಿ ಹಳೆಯ ನಾಟಿಯ ಧಾಟಿಗೆ ಅದನ್ನು ಎತ್ತಿ ಹಾಡಿದಳು. ಮಧ್ಯಾಹ್ನ ಬುತ್ತಿ ಬಿಚ್ಚುವ ವೇಳೆಗೆ ಮಗುವಿನ ಜ್ವರ, ಹಿಡಿದ ಕೂಲಿ, ಮುಳುಗದ ಸೂರ್ಯ ಎಲ್ಲ ಸೇರಿ ಐದಾರು ಸೊಲ್ಲಾಗಿತ್ತು. ಕಟ್ಟಿದವರು ಯಾರೆಂದು ಕೇಳಿದರೆ, "ಯಾರೂ ಕಟ್ನಿಲ್ಲ ಮೇಷ್ಟ್ರೇ, ಮಾತಾಡ್ತಿದ್ವಿ" ಎಂದರು.

ನಾನು ಮನೆಗೆ ಬಂದು ಆ ಪದವನ್ನು ಬರೆದಿಟ್ಟೆ. ಇಲ್ಲೇ ತಪ್ಪಿದ್ದು. ಮೇಷ್ಟರ ಬುದ್ಧಿ ಕೆಂಪು ಶಾಯಿಯನ್ನು ಹುಡುಕಿತು. "ಆಗಮಿಸುವಾಗ ವೇಳೆಯಾಯಿತು, ತೆರಳುವಾಗ ವೇಳೆಯಿದೆ" ಎಂದು ತಿದ್ದಿ, ಅಚ್ಚು ಹಾಕಿಸಿ ಅವರಿಗೇ ಓದಿ ಹೇಳಿದೆ. ಮುದುಕಿ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದಳು: "ಚೆಂದಾಗದೆ ಕಣಪ್ಪ. ಆದ್ರೆ ಇದು ನಿನ್ ಪದ, ನಮ್ಮದಲ್ಲ."

ಸಂಗಾತಿಗಳೇ, ಅಂದು ನನಗಾದ ನಾಚಿಕೆ ಇಂದಿಗೂ ಆರಿಲ್ಲ. ಶಾಲೆಯಲ್ಲಿ ಎಷ್ಟು ಮಕ್ಕಳ ಮನೆಮಾತನ್ನು ಹೀಗೆ ತಿದ್ದಿ ಬಾಯಿ ಮುಚ್ಚಿಸಿದ್ದೆನೋ ಎಂದು ಎಣಿಸುವಂತಾಯಿತು. ಅವರ ಸಂಕಟಕ್ಕೆ ಮಾತು ಕೊಡಲು ಹೋದ ನಾನು ಅವರ ಮಾತನ್ನೇ ಕಸಿದುಕೊಂಡಿದ್ದೆ.

ಆ ಹಾಡಿನಿಂದ ಕೂಲಿ ಏರಿತೆಂದು ನಾನು ಸುಳ್ಳು ಹೇಳಲಾರೆ. ಏರಲಿಲ್ಲ. ಆದರೆ ಮುಂದೆ ಕೂಲಿಯ ಮಾತಿಗೆ ಸಭೆ ಸೇರಿದಾಗ, ಎಂದೂ ಬಾಯಿ ಬಿಡದ ಆ ಹೆಣ್ಣುಮಗಳು ಎದ್ದು ನಿಂತು, "ಬರೋ ಹೊತ್ತು, ಹೋಗೋ ಹೊತ್ತು ಎರಡನ್ನೂ ಗೊತ್ತು ಮಾಡಿ" ಎಂದಳು. ನಾನು ಬರೆದಿಟ್ಟುಕೊಂಡಿದ್ದ ಬೇಡಿಕೆಗಳ ಪಟ್ಟಿಯಲ್ಲಿ ಇದು ಇರಲೇ ಇಲ್ಲ.

ಇಂದು ರಾಗಿ ಮಿಲ್ಲಿಗೆ ಹೋಗುತ್ತದೆ. ಗದ್ದೆಗೆ ನಾಟಿ ಯಂತ್ರ ಇಳಿಯುತ್ತಿದೆ. ಬಗ್ಗಿದ ಬೆನ್ನಿಗೆ ಬಿಡುವು ಸಿಗುವುದಾದರೆ ಯಂತ್ರ ಬರಲಿ; ಹಾಡಿಗಾಗಿ ಹೆಂಗಸರು ಕೆಸರಿನಲ್ಲೇ ಇರಲೆಂದು ಬಯಸುವುದು ಅನ್ಯಾಯ. ಆದರೆ "ಮಾತು ಬೇಡ, ಕೆಲಸ ನೋಡಿ" ಎಂದು ಗದರಿಸುವ ಯಜಮಾನಿಕೆಯನ್ನು ನಾವು ಒಪ್ಪಬಾರದು. ಗಾರ್ಮೆಂಟ್ ಕಾರ್ಖಾನೆಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಬೆಳಗಿನ ವ್ಯಾನಿನಲ್ಲಿ ಒತ್ತಿಕೊಂಡು ಕೂತು ಏನು ಮಾತಾಡಿಕೊಳ್ಳುತ್ತಾರೆಂದು ನಮ್ಮಲ್ಲಿ ಯಾರು ಕೇಳಿದ್ದೇವೆ? ನಾಳೆಯ ಪದ ಅಲ್ಲಿ ಹುಟ್ಟುತ್ತಿರಬಹುದು. ದುಡಿಯುವವರಿಗೆ ಕೂಲಿಯ ಹಕ್ಕು ಇರುವಂತೆ ಜೊತೆಯವರೊಡನೆ ಮಾತಾಡುವ ಹಕ್ಕೂ ಇರಬೇಕು. ಮಾತು ನಿಂತ ಕಡೆ ಹಾಡು ಹುಟ್ಟದು, ಸಂಘವೂ ಹುಟ್ಟದು.

ಆದ್ದರಿಂದ ಕಾರ್ಯಕರ್ತರಲ್ಲಿ ನನ್ನದೊಂದು ಬಿನ್ನಹ. ಹಳ್ಳಿಗೆ ಹೋದಾಗ ಕರಪತ್ರವನ್ನು ಸ್ವಲ್ಪ ಹೊತ್ತು ಚೀಲದಲ್ಲೇ ಇಡಿ. ಅರಳಿಕಟ್ಟೆಯಲ್ಲೋ ಗದ್ದೆಯ ಬದುವಿನ ಮೇಲೋ ಕೂತು, ಎಲೆ ಅಡಿಕೆ ಕೊಟ್ಟರೆ ಹಾಕಿಕೊಂಡು, ಅವರ ಮಾತು ಕೇಳಿ. ಕೇಳಿದ್ದನ್ನು ತಿದ್ದಬೇಡಿ.