ಕಂಪ್ಯೂಟರ್ ಆಟದ ಹಿಂದಿನ ಕೈಗಳು

ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತು ಆಡುವ ಆಟವನ್ನು ಯಾರೋ ಒಬ್ಬ ಜಾಣ ಸಿದ್ಧಪಡಿಸಿರಬೇಕೆಂದು ನೀವು ಭಾವಿಸಿರಬಹುದು. ದೊಡ್ಡ ಆಟಗಳ ಮಟ್ಟಿಗೆ ಹಾಗಲ್ಲ. ಚಿತ್ರ ಬಿಡಿಸುವವರು, ಪ್ರೋಗ್ರಾಮ್ ಬರೆಯುವವರು, ಶಬ್ದ ಕೂಡಿಸುವವರು, ಆಟದ ಒಂದೊಂದು ಹಂತವನ್ನು ಕಟ್ಟುವವರು, ಹೀಗೆ ಹತ್ತಾರು ಜನ ಅದರ ಹಿಂದಿರುತ್ತಾರೆ. ಒಬ್ಬೊಬ್ಬರೂ ನಿಪುಣರಾಗಿದ್ದು, ಆಟ ಮಾತ್ರ ಸಪ್ಪೆಯಾಗುವುದುಂಟು.

ಅಮೆರಿಕದ ವಾಲ್ವ್ ಸಂಸ್ಥೆಯ ಮೊದಲ ಆಟ 'ಹಾಫ್-ಲೈಫ್'ಗೆ ಆದದ್ದು ಇದೇ. 1997ರ ಕೊನೆಯಲ್ಲಿ ಅದು ಮಾರುಕಟ್ಟೆಗೆ ಬರಬೇಕಿತ್ತು. ಸೊಗಸಾದ ಅನ್ಯಗ್ರಹ ಜೀವಿಗಳಿದ್ದವು, ಒಳ್ಳೆಯ ಆಯುಧಗಳಿದ್ದವು. ಒಂದಕ್ಕೊಂದು ಹೊಂದಿಕೆಯಿರಲಿಲ್ಲ, ಆಡಿದರೆ ಮಜವಿರಲಿಲ್ಲ. ಆಗ ಒಂದು ಸಣ್ಣ ಗುಂಪು ಅಲ್ಲಲ್ಲಿ ಚದುರಿದ್ದ ಒಳ್ಳೆಯ ಅಂಶಗಳನ್ನೆಲ್ಲ ಒಂದೇ ಹಂತದಲ್ಲಿ ಕೂಡಿಸಿ ನೋಡಿತು. ಅದು ರುಚಿಸಿತು. ಮಾಡಿದ್ದರಲ್ಲಿ ಬಹುಪಾಲನ್ನು ಬಿಟ್ಟು ಮತ್ತೆ ಕಟ್ಟಲು ತೀರ್ಮಾನವಾಯಿತು. ಕೈತುಂಬ ಕೆಲಸ ಮಾಡಿಟ್ಟವರಿಗೆ ಇದು ಸುಲಭದ ಮಾತಲ್ಲ. ಬೇರೆ ಬೇರೆ ವಿಭಾಗದವರು ಒಂದೇ ಕೋಣೆಯಲ್ಲಿ ಕುಳಿತು ತಿಂಗಳುಗಟ್ಟಲೆ ಆಟವನ್ನು ರೂಪಿಸಿದರು.

ಆ ಸಂಸ್ಥೆಯ ಕೆನ್ ಬರ್ಡ್‌ವೆಲ್ 1999ರಲ್ಲಿ ಈ ಅನುಭವವನ್ನು ಬರೆದಿಟ್ಟಿದ್ದಾರೆ. ಅದರಲ್ಲಿ ನನಗೆ ಹಿಡಿಸಿದ್ದು ಬೆಳಕಿನ ಕಿರಣದ ಪ್ರಸಂಗ. ಪ್ರೋಗ್ರಾಮ್ ವಿಭಾಗದವರು ಮಿಂಚು, ಲೇಸರ್ ಮುಂತಾದವನ್ನು ತೋರಿಸುವ ಒಂದು ಸೊಗಸಾದ ಸೌಲಭ್ಯ ಸಿದ್ಧಪಡಿಸಿ, ಎಲ್ಲರಿಗೂ ಇ-ಮೇಲ್ ಕಳಿಸಿದರು. ಎರಡು ತಿಂಗಳಾದರೂ ಅದನ್ನು ಬಳಸಿದವರು ಒಬ್ಬರೇ! ಕಾರಣ ತಾತ್ಸಾರವಲ್ಲ. ಅದು ಯಾವುದಕ್ಕೆಂದು ಹಂತ ಕಟ್ಟುವವರಿಗೆ ತಿಳಿದಿರಲಿಲ್ಲ. ಅಳತೆಗಳು ಒಗಟಿನಂತಿದ್ದವು, ತಪ್ಪಿದರೆ ಕಿರಣ ವಿಕಾರವಾಗಿ ಕಾಣುತ್ತಿತ್ತು. ಪ್ರೋಗ್ರಾಮ್ ಬರೆದು ಮುಗಿಸಿದರೆ ಅರ್ಧ ಕೆಲಸವೂ ಆದಂತಲ್ಲ ಎಂಬುದು ಅವರಿಗೆ ಆಗ ಮನದಟ್ಟಾಯಿತು.

ಹಾಗೆಂದು ಎಲ್ಲವನ್ನೂ ಸಭೆಗೇ ಬಿಟ್ಟರೆ ಆಟ ನೀರಸವಾಗದೇ ಎಂದು ನೀವು ಕೇಳಬಹುದು. ಆಗಬಹುದು. ಆದರೆ ಇಲ್ಲಿ ಕೊನೆಯ ಮಾತು ಸಭೆಯದಾಗಿರಲಿಲ್ಲ, ಆಡುವವನದಾಗಿತ್ತು. ಹೊರಗಿನವರನ್ನು ಕರೆಸಿ ಆಡಿಸುತ್ತಿದ್ದರು; ತಯಾರಕರು ಹಿಂದೆ ಕುಳಿತು ನೋಡಬೇಕು, ತುಟಿ ಬಿಚ್ಚುವಂತಿಲ್ಲ. ತಾನು ಸುಲಭವೆಂದುಕೊಂಡಿದ್ದ ದಾರಿ ಕಾಣದೆ ಆತ ಇಪ್ಪತ್ತು ನಿಮಿಷ ಪರದಾಡಿದರೂ ಸುಮ್ಮನಿರಬೇಕು. ಎರಡು ಗಂಟೆಯ ಒಂದು ಪರೀಕ್ಷೆಯಿಂದ ನೂರರಷ್ಟು ತಿದ್ದುಪಡಿಗಳು ಹೊರಡುತ್ತಿದ್ದವು. ಇಂಥ ಪರೀಕ್ಷೆಗಳು 200ಕ್ಕೂ ಹೆಚ್ಚು ನಡೆದ ಮೇಲೆ, 1998ರ ನವೆಂಬರ್‌ನಲ್ಲಿ ಆಟ ಹೊರಬಂತು.