ಮೊಣಕಾಲಿನ ಚಿತ್ರ ಏನು ಹೇಳುತ್ತದೆ?



ವರ್ಷಗಟ್ಟಲೆ ನಿಂತು ಪಾಠ ಮಾಡಿದ ನಮ್ಮಂಥವರಿಗೆ ಮೊಣಕಾಲು ನೋವು ಹೊಸದಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ. ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿ ಕಾಣುವುದಿಲ್ಲ. ಎರಡು ಮೂಳೆಗಳ ನಡುವಿನ ಅಂತರ ಕಿರಿದಾಗಿದ್ದರೆ ಮೃದ್ವಸ್ಥಿ ಸವೆದಿರಬೇಕೆಂದು ವೈದ್ಯರು ತಿಳಿಯುತ್ತಾರೆ. ಅಂಚಿನಲ್ಲಿ ಬೆಳೆದ ಮೂಳೆಮುಳ್ಳು, ಗಟ್ಟಿಯಾಗಿ ಬೆಳ್ಳಗೆ ಕಾಣುವ ಮೂಳೆ, ಇವನ್ನೂ ನೋಡುತ್ತಾರೆ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಪ್ರಕಟಿಸಿದ 0ಯಿಂದ 4ರವರೆಗಿನ ಶ್ರೇಣಿ ಇಂದಿಗೂ ಬಳಕೆಯಲ್ಲಿದೆ. ಮಲಗಿ ತೆಗೆಸಿದರೆ ಸವೆತ ಮರೆಯಾಗಬಹುದು. ಆದ್ದರಿಂದ ಕಾಲಿನ ಮೇಲೆ ಭಾರ ಬಿಟ್ಟು, ನಿಂತು ತೆಗೆಸುವುದು ಒಳ್ಳೆಯದು. ಎಂಆರ್‌ಐ ಮೃದ್ವಸ್ಥಿಯನ್ನೂ ಮೂಳೆಯೊಳಗಿನ ಬದಲಾವಣೆಯನ್ನೂ ತೋರಿಸುತ್ತದೆ. ಅದು ದುಬಾರಿ, ಎಲ್ಲರಿಗೂ ಬೇಕಾಗುವುದಿಲ್ಲ.

ಚಿತ್ರದಲ್ಲಿ ಸವೆತ ಹೆಚ್ಚಿದ್ದರೂ ಕೆಲವರಿಗೆ ನೋವು ಕಡಿಮೆ. ಚಿತ್ರ ಚೆನ್ನಾಗಿದ್ದರೂ ಕೆಲವರು ನರಳುತ್ತಾರೆ. ಹಾಗಾಗಿ ‘ಫಿಲ್ಮಿನಲ್ಲಿ ಏನೂ ಇಲ್ಲ’ ಎಂದು ಮನೆಯ ಹಿರಿಯರ ನೋವನ್ನು ತಳ್ಳಿಹಾಕಬಾರದು. ಫಿಲ್ಮ್ ನೋಡಿ ಹೆದರಿ ನಡೆಯುವುದನ್ನೂ ಬಿಡಬಾರದು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಹೆಚ್ಚಿದ ತೂಕ ಇಳಿಸುವುದು, ಇವೆರಡೂ ನೋವು ತಗ್ಗಿಸುತ್ತವೆ.

ಸರಿಯಾಗಿ ನಿಲ್ಲಿಸಿ ಚಿತ್ರ ತೆಗೆಯಲು ಕಲಿತ ಕೈಗಳು ಬೇಕು. ಆ ಕೋಣೆಯಲ್ಲಿ ಹೆಣ್ಣುಮಕ್ಕಳಿದ್ದರೆ ನಮ್ಮ ತಾಯಂದಿರ ಸಂಕೋಚವೂ ಕಳೆಯುತ್ತದೆ. ರೇಡಿಯಾಗ್ರಫಿ ಓದಬಯಸುವವರು ಅರ್ಜಿ ಹಾಕಿರಿ. ದಾನಿಗಳು ಅವರ ಬೆನ್ನಿಗೆ ನಿಲ್ಲಲಿ ಎಂದು ನಾವು ಕೋರುತ್ತೇವೆ.