ಎಂಜಿನ್ ಕುದಿಯುವ ಮುನ್ನ: ಪಂಚಾಯಿತಿ ವಾಹನಗಳ ತಂಪಾಗಿಸುವ ವ್ಯವಸ್ಥೆಯ ದೋಷಗಳನ್ನು ಗುರುತಿಸುವ ಬಗೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮೆಕ್ಯಾನಿಕ್‌ಗಳಿಗೆ ಹೇಳಬೇಕಾದ ವಿಷಯವನ್ನು ಜನಪ್ರತಿನಿಧಿಗಳ ಮುಂದೆ ಏಕೆ ಪ್ರಸ್ತಾಪಿಸಬೇಕು ಎಂಬ ಪ್ರಶ್ನೆ ತಮ್ಮಲ್ಲಿ ಮೂಡುವುದು ಸಹಜ. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣ ಯೋಜನೆಯಡಿ ನಮ್ಮ ಪಂಚಾಯಿತಿಗಳಿಗೆ ಸ್ವಚ್ಛ ವಾಹಿನಿಗಳು ಬಂದಿವೆ. ಹಲವು ಪಂಚಾಯಿತಿಗಳು ಬೇಸಿಗೆಯಲ್ಲಿ ಟ್ರ್ಯಾಕ್ಟರ್ ಟ್ಯಾಂಕರ್‌ಗಳ ಮೂಲಕ ನೀರು ಪೂರೈಸುತ್ತವೆ. ಸ್ವಚ್ಛ ವಾಹಿನಿಗಳನ್ನು ಅನೇಕ ಕಡೆ ಸಂಜೀವಿನಿ ಒಕ್ಕೂಟದ ಮಹಿಳೆಯರೇ ಚಲಾಯಿಸುತ್ತಿದ್ದಾರೆ. ವಾಹನದಲ್ಲಿ ದೋಷ ಕಾಣಿಸಿಕೊಂಡಾಗ ಅದನ್ನು ಮೊದಲು ಗಮನಿಸುವವರು ಆ ಚಾಲಕಿಯರು. ದುರಸ್ತಿಗೆ ಮಂಜೂರಾತಿ ನೀಡಬೇಕಾದವರು ತಾವು. ಈ ಇಬ್ಬರ ನಡುವೆ ಕಳೆದುಹೋಗುವ ದಿನಗಳಲ್ಲಿಯೇ ಎಂಜಿನ್ ಹಾಳಾಗುತ್ತದೆ. ಕೆಲವು ನೂರು ರೂಪಾಯಿಗಳ ರಬ್ಬರ್ ಹೋಸ್ ಬದಲಿಸದ ಕಾರಣ ಹತ್ತಾರು ಸಾವಿರ ರೂಪಾಯಿಗಳ ಎಂಜಿನ್ ಕೆಲಸ ತಲೆಗೆ ಬರುತ್ತದೆ. ಅಷ್ಟು ದಿನವೂ ಕಸ ಊರಿನಲ್ಲೇ ಉಳಿಯುತ್ತದೆ.

ತಂಪಾಗಿಸುವ ವ್ಯವಸ್ಥೆಯು ಮುನ್ಸೂಚನೆ ನೀಡದೆ ಕೈಕೊಡುವುದು ಅಪರೂಪ. ಆ ಸೂಚನೆಗಳನ್ನು ಓದುವ ಬಗೆಯನ್ನು, ಓದಿದ ಮೇಲೆ ಪಂಚಾಯಿತಿ ಕೈಗೊಳ್ಳಬೇಕಾದ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ವ್ಯವಸ್ಥೆಯ ಕಾರ್ಯವಿಧಾನ

ಎಂಜಿನ್‌ನಲ್ಲಿ ಉರಿಯುವ ಡೀಸೆಲ್‌ನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ಚಕ್ರ ತಿರುಗಿಸಲು ದೊರೆಯುತ್ತದೆ. ಉಳಿದುದು ಶಾಖವಾಗಿ ಹೊಗೆಕೊಳವೆಯ ಮೂಲಕವೂ ಎಂಜಿನ್ನಿನ ಗೋಡೆಗಳ ಮೂಲಕವೂ ಹೊರಹೋಗಬೇಕು. ಗೋಡೆಗಳ ಶಾಖವನ್ನು ಕೂಲೆಂಟ್ ಎಂಬ ದ್ರವ ಹೀರಿಕೊಳ್ಳುತ್ತದೆ. ಬೆಲ್ಟ್‌ನಿಂದ ತಿರುಗುವ ಪಂಪು ಅದನ್ನು ಚಲಿಸುವಂತೆ ಮಾಡುತ್ತದೆ. ರೇಡಿಯೇಟರ್‌ನ ಸಣ್ಣ ನಾಳಗಳಲ್ಲಿ ಅದು ಹರಿಯುವಾಗ ಫ್ಯಾನ್ ಎಳೆಯುವ ಗಾಳಿ ಅದನ್ನು ತಣಿಸುತ್ತದೆ. ನಡುವೆ ಇರುವ ಥರ್ಮೋಸ್ಟಾಟ್ ಒಂದು ಬಾಗಿಲಿದ್ದಂತೆ. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡಿದ್ದು, ಸಾಮಾನ್ಯವಾಗಿ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ತೆರೆದುಕೊಳ್ಳುತ್ತದೆ.

ರೇಡಿಯೇಟರ್‌ನ ಮುಚ್ಚಳವನ್ನು ಹಲವರು ಬರಿಯ ಮುಚ್ಚಳವೆಂದು ಭಾವಿಸುತ್ತಾರೆ. ಅದು ಒತ್ತಡ ಕಾಯ್ದುಕೊಳ್ಳುವ ಕವಾಟ. ತೆರೆದ ಪಾತ್ರೆಯಲ್ಲಿ ನೀರು ಸಮುದ್ರಮಟ್ಟದಲ್ಲಿ 100 ಡಿಗ್ರಿಯಲ್ಲಿ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 97 ಡಿಗ್ರಿಯ ಆಸುಪಾಸಿನಲ್ಲಿಯೇ ಕುದಿಯುತ್ತದೆ. ಮುಚ್ಚಳವು ಸುಮಾರು 1 ಬಾರ್ ಒತ್ತಡವನ್ನು ಹಿಡಿದಿಟ್ಟಾಗ ಕುದಿಯುವ ಬಿಂದು 120 ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಮುಚ್ಚಳದ ರಬ್ಬರ್ ಸವೆದರೆ ಈ ರಕ್ಷಣೆ ತಪ್ಪುತ್ತದೆ. ಆಗ ಬೇರಾವ ದೋಷವೂ ಇಲ್ಲದ ಎಂಜಿನ್ ಸಹ ಕುದಿಯಬಹುದು.

ಯಾವಾಗ ಬಿಸಿಯೇರುತ್ತದೆ ಎಂಬುದೇ ಮೊದಲ ಪ್ರಶ್ನೆ

ಚಾಲಕಿಯು ವಾಹನ ಬಿಸಿಯಾಗುತ್ತಿದೆ ಎಂದು ವರದಿ ಮಾಡಿದಾಗ ತಾವು ಕೇಳಬೇಕಾದ ಮೊದಲ ಪ್ರಶ್ನೆ, ಯಾವಾಗ ಬಿಸಿಯಾಗುತ್ತದೆ ಎಂಬುದು. ದೋಷದ ಅರ್ಧ ಪತ್ತೆ ಈ ಉತ್ತರದಲ್ಲಿಯೇ ಇದೆ.

ಸ್ವಚ್ಛ ವಾಹಿನಿಯು ಮನೆಮನೆಯ ಮುಂದೆ ನಿಂತು ನಿಂತು ಸಾಗುವ ವಾಹನ. ವೇಗವಿಲ್ಲದ ಕಾರಣ ಅದಕ್ಕೆ ಎದುರುಗಾಳಿಯ ನೆರವು ದೊರೆಯದು. ತಣಿಸುವ ಹೊಣೆಯೆಲ್ಲ ಫ್ಯಾನ್‌ನದೇ. ಆದುದರಿಂದ ಓಣಿಗಳಲ್ಲಿ ಬಿಸಿಯೇರಿ, ಮುಖ್ಯರಸ್ತೆಯಲ್ಲಿ ಓಡಿಸಿದಾಗ ಮುಳ್ಳು ಇಳಿಯುವುದಾದರೆ ಫ್ಯಾನ್ ಅಥವಾ ಗಾಳಿಯ ಹಾದಿಯಲ್ಲಿ ದೋಷವಿದೆಯೆಂದು ಶಂಕಿಸಬೇಕು. ವಿದ್ಯುತ್ ಫ್ಯಾನ್ ಆಗಿದ್ದರೆ ಮೊದಲು ಫ್ಯೂಸ್, ನಂತರ ರಿಲೇ ಹಾಗೂ ತಾಪ ಸ್ವಿಚ್, ಕೊನೆಗೆ ಮೋಟಾರ್ ಪರೀಕ್ಷಿಸುವುದು ಸರಿಯಾದ ಕ್ರಮ; ಅಗ್ಗದ ಭಾಗ ಮೊದಲು, ದುಬಾರಿ ಭಾಗ ಕೊನೆಗೆ. ಕಸದ ವಾಹನಗಳ ರೇಡಿಯೇಟರ್‌ಗೆ ಪ್ಲಾಸ್ಟಿಕ್ ಚೂರು ಮತ್ತು ಧೂಳು, ಟ್ರ್ಯಾಕ್ಟರ್‌ಗಳ ರೇಡಿಯೇಟರ್‌ಗೆ ಹುಲ್ಲು ಹೊಟ್ಟು ಅಂಟಿಕೊಳ್ಳುವುದು ಸಾಮಾನ್ಯ. ಎಂಜಿನ್ ತಣಿದ ಮೇಲೆ ಮೆಲುವಾದ ನೀರಿನಿಂದ, ಗಾಳಿ ಬರುವ ದಿಕ್ಕಿಗೆ ವಿರುದ್ಧವಾಗಿ ತೊಳೆದರೆ ಸಾಕಾಗುತ್ತದೆ. ನೀರನ್ನು ರಭಸದಿಂದ ಹಾಯಿಸಿದರೆ ತೆಳುವಾದ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಇದಕ್ಕೆ ವ್ಯತಿರಿಕ್ತವಾಗಿ, ಓಣಿಯಲ್ಲಿ ಸರಿಯಾಗಿದ್ದು, ಏರುರಸ್ತೆಯಲ್ಲಿ ಅಥವಾ ತುಂಬಿದ ಟ್ಯಾಂಕರ್ ಎಳೆಯುವಾಗ ಬಿಸಿಯೇರುವುದಾದರೆ ದ್ರವದ ಹರಿವು ಸಾಲುತ್ತಿಲ್ಲವೆಂದು ತಿಳಿಯಬೇಕು. ರೇಡಿಯೇಟರ್‌ನ ಒಳಗೆ ಸುಣ್ಣ ಕಟ್ಟಿರಬಹುದು, ಬೆಲ್ಟ್ ಸಡಿಲವಾಗಿರಬಹುದು, ಪಂಪು ಸವೆದಿರಬಹುದು.

ಹೊರಟ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿದರೆ, ಎಂಜಿನ್ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಹೋಸ್‌ಗಳ ಹತ್ತಿರ ಅಂಗೈಯ ಹಿಂಭಾಗವನ್ನು ಒಯ್ದು ನೋಡಬೇಕು. ಮೇಲಿನದು ಸುಡುವಷ್ಟು ಬಿಸಿಯಾಗಿ, ಕೆಳಗಿನದು ತಣ್ಣಗಿದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರುವ ಸಂಭವವುಂಟು. ಥರ್ಮೋಸ್ಟಾಟ್ ಕಿತ್ತುಹಾಕಿ ವಾಹನ ಓಡಿಸುವ ಪದ್ಧತಿ ಕೆಲವೆಡೆ ಇದೆ. ಹಾಗೆ ಮಾಡಿದರೆ ಎಂಜಿನ್ ತಕ್ಕ ಶಾಖಕ್ಕೆ ಬರುವುದೇ ಇಲ್ಲ. ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಎಂಜಿನ್ ಬೇಗ ಸವೆಯುತ್ತದೆ. ಹೊಸದನ್ನು ಹಾಕಿಸುವುದೇ ಮಿತವ್ಯಯ.

ಬೆಳಗಿನ ಐದು ನಿಮಿಷಗಳು

ವಾಹನ ಹೊರಡುವ ಮುನ್ನ, ಎಂಜಿನ್ ಪೂರ್ಣ ತಣ್ಣಗಿರುವಾಗ ನಾಲ್ಕು ಅಂಶಗಳನ್ನು ಪ್ರತಿದಿನ ನೋಡತಕ್ಕದ್ದು.

1. ಕೂಲೆಂಟ್ ಡಬ್ಬಿಯ ಮಟ್ಟವು ಕನಿಷ್ಠ ಮತ್ತು ಗರಿಷ್ಠ ಗೆರೆಗಳ ನಡುವೆ ಇದೆಯೇ? ಇದು ಮುಚ್ಚಿದ ವ್ಯವಸ್ಥೆ. ವಾರವಾರವೂ ದ್ರವ ಸೇರಿಸಬೇಕಾದ ಪ್ರಸಂಗ ಬಂದರೆ ಎಲ್ಲೋ ಸೋರಿಕೆಯಿದೆ ಎಂದೇ ಅರ್ಥ.

2. ವಾಹನ ನಿಂತಿದ್ದ ನೆಲದ ಮೇಲೆ ಹಸಿರು, ಕೆಂಪು ಅಥವಾ ನೀಲಿ ಬಣ್ಣದ ತೇವವಿದೆಯೇ? ಪಂಪಿನ ಅಡಿಯಲ್ಲಿ ಒಂದು ಸಣ್ಣ ರಂಧ್ರವಿರುತ್ತದೆ. ಅಲ್ಲಿಂದ ತೊಟ್ಟಿಕ್ಕುತ್ತಿದ್ದರೆ ಪಂಪಿನ ಸೀಲ್ ಹೋಗಿದೆ. ಆ ರಂಧ್ರವನ್ನು ಮುಚ್ಚಕೂಡದು. ಅದು ಇರುವುದೇ ಎಚ್ಚರಿಸಲು.

3. ಹೋಸ್‌ಗಳು ಬಿರಿದಿವೆಯೇ, ಉಬ್ಬಿವೆಯೇ, ಚಪ್ಪಟೆಯಾಗಿವೆಯೇ? ತಣಿದ ಮೇಲೆ ಹೋಸ್ ಒಳಕ್ಕೆ ಕುಸಿದಿದ್ದರೆ ಮುಚ್ಚಳದ ಕವಾಟ ಕೆಟ್ಟಿರುವ ಸಂಭವವೇ ಹೆಚ್ಚು.

4. ಬೆಲ್ಟ್ ಬಿಗಿಯಾಗಿದೆಯೇ? ಅಂಚು ನೂಲು ಬಿಟ್ಟಿದ್ದರೆ ಅಂದೇ ಬದಲಿಸಬೇಕು.

ಪರೀಕ್ಷಿಸುವಾಗ ಕೀಲಿಯನ್ನು ತೆಗೆದಿರಲೇಬೇಕು. ಕೆಲವು ವಾಹನಗಳ ವಿದ್ಯುತ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಲಾರಂಭಿಸುತ್ತದೆ. ಸೀರೆಯ ಸೆರಗು, ದುಪಟ್ಟಾ ಮೊದಲಾದುವನ್ನು ಕಟ್ಟಿಕೊಂಡೇ ಹತ್ತಿರ ಹೋಗುವುದು ಕಡ್ಡಾಯವಾಗಲಿ.

ಮುಳ್ಳು ಇಳಿದರೂ ಅಪಾಯ

ತಾಪಸೂಚಕದ ಮುಳ್ಳು ಮೇಲೇರಿ, ಅನಂತರ ಥಟ್ಟನೆ ಕೆಳಗಿಳಿದರೆ ಅನೇಕರು ಸಮಾಧಾನಪಡುತ್ತಾರೆ. ಇದು ಅತ್ಯಂತ ಗಂಭೀರ ಸೂಚನೆಯಾಗಿರಬಹುದು. ತಾಪವನ್ನು ಅಳೆಯುವ ಸಂವೇದಕವು ದ್ರವದಲ್ಲಿ ಮುಳುಗಿರಬೇಕು. ದ್ರವ ಖಾಲಿಯಾದಾಗ ಅದು ಉಗಿಯಲ್ಲಿ ಉಳಿದು ತಪ್ಪು ಮಾಹಿತಿ ನೀಡಬಹುದು. ಆಗ ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗಿದೆಯೆಂದು ತೋರಿಸುತ್ತದೆ. ಇಂತಹ ಸಂದರ್ಭದಲ್ಲಿ ವಾಹನವನ್ನು ಕೂಡಲೇ ನಿಲ್ಲಿಸತಕ್ಕದ್ದು.

ಹೊರಗೆ ಎಲ್ಲಿಯೂ ಸೋರದೆ ದ್ರವ ಕಡಿಮೆಯಾಗುತ್ತಿರುವುದು, ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿರುವುದು, ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗುವುದು, ಕೂಲೆಂಟ್ ಡಬ್ಬಿಯಲ್ಲಿ ಸತತವಾಗಿ ಗುಳ್ಳೆಗಳೇಳುವುದು—ಇವು ಹೆಡ್ ಗ್ಯಾಸ್ಕೆಟ್ ಒಡೆದಿರುವ ಲಕ್ಷಣಗಳು. ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಬದಿಯಲ್ಲಷ್ಟೇ ಕಾಣುವ ಬಿಳಿ ಲೇಪ ಕೇವಲ ತೇವಾಂಶದಿಂದಲೂ ಉಂಟಾಗಬಹುದು. ಅಳತೆ ಕಡ್ಡಿಯ ಆಯಿಲನ್ನೂ ನೋಡಿ ನಿರ್ಧರಿಸಬೇಕು. ಈ ಲಕ್ಷಣಗಳು ಕೂಡಿ ಕಂಡರೆ ವಾಹನವನ್ನು ಓಡಿಸದೆ ಸಾಗಿಸಿಕೊಂಡು ಹೋಗಿ ದುರಸ್ತಿ ಮಾಡಿಸುವುದೇ ಉಳಿತಾಯ.

ಕುದಿಯುತ್ತಿರುವಾಗ

ಮುಚ್ಚಳವನ್ನು ತೆರೆಯಲೇಬಾರದು. ಒತ್ತಡದಲ್ಲಿರುವ ದ್ರವ ಮುಚ್ಚಳ ಸಡಿಲಿಸಿದ ಕ್ಷಣದಲ್ಲಿ ಉಗಿಯಾಗಿ ಚಿಮ್ಮಿ ಮುಖ, ಕೈಗಳನ್ನು ಸುಡುತ್ತದೆ. ವಾಹನವನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಕನಿಷ್ಠ ಅರ್ಧ ಗಂಟೆಯಾದರೂ ಕಾಯಬೇಕು. ಮೇಲಿನ ಹೋಸ್ ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆ, ದಪ್ಪ ಬಟ್ಟೆ ಹಿಡಿದು ನಿಧಾನವಾಗಿ ತಿರುಗಿಸಬೇಕು. ಬಿಸಿ ಎಂಜಿನ್‌ಗೆ ತಣ್ಣೀರು ಸುರಿದರೆ ಲೋಹ ಬಿರಿಯುವ ಅಪಾಯವಿದೆ.

ಯಾವ ನೀರು, ಎಲ್ಲಿಗೆ ವಿಸರ್ಜನೆ

ನಮ್ಮ ಬಯಲುಸೀಮೆಯ ಬಹುತೇಕ ಕೊಳವೆಬಾವಿಗಳ ನೀರು ಗಡಸು. ಅನ್ನ ಬೇಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಸುಣ್ಣದ ಪದರವೇ ಎಂಜಿನ್ನಿನೊಳಗೂ ಕಟ್ಟುತ್ತದೆ. ತಯಾರಕರು ಸೂಚಿಸಿದ ಕೂಲೆಂಟನ್ನು ಬಟ್ಟಿ ಇಳಿಸಿದ ನೀರಿನೊಡನೆ ಸೂಚಿತ ಪ್ರಮಾಣದಲ್ಲಿ ಬೆರೆಸಿ ಬಳಸುವುದೇ ಸರಿ. ದಾರಿಯಲ್ಲಿ ಅನಿವಾರ್ಯವಾದರೆ ಶುದ್ಧ ಕುಡಿಯುವ ನೀರಿನ ಘಟಕದ ನೀರು ಕೊಳವೆಬಾವಿಯದಕ್ಕಿಂತ ಮೇಲು. ಆದರೆ ಆ ಘಟಕದಿಂದ ಹೊರಹೋಗುವ ತ್ಯಾಜ್ಯ ನೀರನ್ನು ಎಂದಿಗೂ ಹಾಕಬಾರದು. ಅದರಲ್ಲಿ ಲವಣಗಳು ಇನ್ನೂ ಸಾಂದ್ರವಾಗಿರುತ್ತವೆ.

ಹಳೆಯ ಕೂಲೆಂಟನ್ನು ಚರಂಡಿಗೆ ಸುರಿಯುವಂತಿಲ್ಲ. ಅದರಲ್ಲಿನ ಎಥಿಲೀನ್ ಗ್ಲೈಕಾಲ್ ಸಿಹಿರುಚಿಯ ವಿಷ. ನಾಯಿ, ಕರುಗಳು ನೆಕ್ಕಿದರೆ ಪ್ರಾಣಕ್ಕೆ ಅಪಾಯ. ಮುಚ್ಚಳವಿರುವ ಕ್ಯಾನ್‌ನಲ್ಲಿ ಸಂಗ್ರಹಿಸಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ದುರಸ್ತಿ ಕೇಂದ್ರಕ್ಕೆ ಒಪ್ಪಿಸಬೇಕು. ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬಿಡುವುದು ಸಲ್ಲದು.

ಪಂಚಾಯಿತಿಯ ಹೊಣೆ

ಮೇಲಿನ ಯಾವ ತಿಳಿವಳಿಕೆಯೂ ಅಧಿಕಾರದ ಬೆಂಬಲವಿಲ್ಲದೆ ಫಲಿಸದು. ಆದುದರಿಂದ ಮೂರು ವಿಷಯಗಳನ್ನು ತಮ್ಮ ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚಿಸಿ ನಿರ್ಣಯಿಸುವಂತೆ ಕೋರುತ್ತೇನೆ.

ಮೊದಲನೆಯದು, ವಾಹನದಲ್ಲಿ ಒಂದು ದಿನಚರಿ ಪುಸ್ತಕ. ದಿನಾಂಕ, ಓಡಿದ ಕಿಲೋಮೀಟರ್, ಕೂಲೆಂಟ್ ಮಟ್ಟ, ಸೇರಿಸಿದ ಪ್ರಮಾಣ, ಬಿಸಿಯೇರಿದ ಸ್ಥಳ ಮತ್ತು ಸಮಯ ಇಷ್ಟನ್ನು ಬರೆದರೆ ಸಾಕು. ಇಪ್ಪತ್ತು ದಿನಗಳ ಇಂತಹ ದಾಖಲೆಯು ಮೆಕ್ಯಾನಿಕ್‌ಗೆ ಊಹೆಗಿಂತ ಉತ್ತಮ ಸಾಕ್ಷ್ಯ. ದುರಸ್ತಿ ಬಿಲ್ಲು ನ್ಯಾಯವಾದುದೇ ಎಂದು ಪರಿಶೀಲಿಸಲು ತಮಗೂ ಆಧಾರ.

ಎರಡನೆಯದು, ಮುಳ್ಳು ಕೆಂಪು ಗೆರೆ ಮುಟ್ಟಿದಾಗ ಯಾರ ಅನುಮತಿಗೂ ಕಾಯದೆ ವಾಹನ ನಿಲ್ಲಿಸುವ ಲಿಖಿತ ಅಧಿಕಾರವನ್ನು ಚಾಲಕಿಗೆ ನೀಡುವುದು. ಉಳಿದ ನಾಲ್ಕು ಓಣಿ ಮುಗಿಸಿ ಬಾ ಎಂಬ ಒಂದು ಫೋನ್ ಕರೆ ಎಂಜಿನ್ನನ್ನು ಕಳೆಯಬಲ್ಲದು. ವಾಹನ ನಿಲ್ಲಿಸಿದುದಕ್ಕಾಗಿ ಆಕೆಯ ಗೌರವಧನದಲ್ಲಿ ಕಡಿತವಾಗಕೂಡದು. ದೋಷವನ್ನು ವರದಿ ಮಾಡಿದವರಿಗೆ ದಂಡವಾದರೆ, ಮುಂದಿನ ದೋಷ ವರದಿಯಾಗುವುದಿಲ್ಲ.

ಮೂರನೆಯದು, ಹೋಸ್, ಬೆಲ್ಟ್, ಮುಚ್ಚಳ, ಥರ್ಮೋಸ್ಟಾಟ್, ಫ್ಯೂಸ್‌ಗಳಂತಹ ಸಣ್ಣ ಭಾಗಗಳ ಬದಲಾವಣೆಗೆ ಪ್ರತಿ ಬಾರಿಯೂ ಸಭೆಗಾಗಿ ಕಾಯದಂತೆ, ನಿಯಮಗಳ ಮಿತಿಯಲ್ಲಿ ವಾರ್ಷಿಕ ನಿರ್ವಹಣಾ ಮೊತ್ತವನ್ನು ಮೊದಲೇ ಅನುಮೋದಿಸಿಡುವುದು. ಖರ್ಚಿನ ವಿವರ ಮುಂದಿನ ಸಭೆಯಲ್ಲಿ ಮಂಡನೆಯಾಗಲಿ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಗ್ರಾಮದ ನೈರ್ಮಲ್ಯವನ್ನು ಪಂಚಾಯಿತಿಯ ಪ್ರಕಾರ್ಯವೆಂದು ಹೇಳುತ್ತದೆ. ಆ ಪ್ರಕಾರ್ಯ ದಿನವೂ ನೆರವೇರುವುದು ಒಂದು ಸಣ್ಣ ಎಂಜಿನ್ ಬೆಳಿಗ್ಗೆ ಹೊತ್ತಿಕೊಂಡು, ಮಧ್ಯಾಹ್ನ ಸುರಕ್ಷಿತವಾಗಿ ಹಿಂದಿರುಗಿದಾಗ. ಚಾಲಕಿಯು ಗಮನಿಸಿದ ಸಣ್ಣ ಸೂಚನೆಗೆ ಅದೇ ದಿನ ಕಿವಿಗೊಡುವ ಪಂಚಾಯಿತಿಗೆ ದೊಡ್ಡ ದುರಸ್ತಿಯ ಕಡತ ತೆರೆಯುವ ಪ್ರಸಂಗ ವಿರಳವಾಗಿ ಬರುತ್ತದೆ.